ರೈಟರ್ ಷಡಕ್ಷರಿ ಹಿಡಿದ ಎಕ್ಸ್‌ಟೆನ್ಷನ್ ಹಾಜರಿ

ಬಾಳೂರಿನ ಷಡಕ್ಷರಿಯವರು ಎಸ್ಟೇಟೊಂದರಲ್ಲಿ ಮೂವತ್ತೊಂದು ವರ್ಷ ಲೆಕ್ಕ ಬರೆಯುವ ರೈಟರಾಗಿದ್ದವರು. ಆಳುಗಳ ಹಾಜರಿ ಹಿಡಿಯುವ ಚಟ ನಿವೃತ್ತಿಯಾದ ಮೇಲೂ ಬಿಡಲಿಲ್ಲ. ಬೆಳೆಗಾರರ ಸೊಸೈಟಿ ಜೀಪು ಬುಕ್ ಮಾಡಲು ವೆಬ್‌ಸೈಟು ಮಾಡಿದಾಗ, ಬ್ರೌಸರಿನಲ್ಲಿ ಕಾಣುವ ಸೈಟಿನ ವಿಳಾಸದ ಕೊನೆಯ ಅಂಕಿ ಬದಲಿಸಿದರೆ ಪಕ್ಕದ ತೋಟದವರ ಫೋನ್ ನಂಬರು ಕಾಣುತ್ತದೆಂದು ಪತ್ತೆಹಚ್ಚಿದವರು ಇವರೇ. ಪತ್ತೆಹಚ್ಚಿದ್ದೇ ತಪ್ಪಾಯಿತು; ಸೈಟಿನ ಭದ್ರತೆ ಪರೀಕ್ಷಿಸುವ ಕೆಲಸ ಇವರ ಕೊರಳಿಗೇ ಬಿತ್ತು. ತಿಂಗಳಿಗೊಮ್ಮೆ "ಸೈಟು ಭದ್ರವಾಗಿದೆ" ಎಂದು ಸಹಿ ಹಾಕಿ ಕೊಡಬೇಕು. ಆ ಸಹಿಯೇ ಅವರ ಮಾನ.

ಪರೀಕ್ಷೆಗೆಂದು ಬ್ರೌಸರಿಗೆ ಎಕ್ಸ್‌ಟೆನ್ಷನ್ ಎಂಬ ಪುಟ್ಟ ಸಹಾಯಕ ತಂತ್ರಾಂಶ ಹನ್ನೊಂದು ಸೇರಿಸಿಕೊಂಡರು. ಫಾರ್ಮಿನಲ್ಲಿ ಅಡಗಿದ ಖಾನೆ ತೋರಿಸಲು ಒಂದು, ಲಾಗಿನ್ ಆದವರ ಗುರುತುಚೀಟಿಯಂತಿರುವ ಕುಕಿಯನ್ನು ತಿದ್ದಲು ಇನ್ನೊಂದು. ಬೆಳಿಗ್ಗೆ ಏಳೂವರೆಗೆ ಒಂದೊಂದರ ಹೆಸರೂ ಕೂಗಿ ಪುಸ್ತಕದಲ್ಲಿ ಟಿಕ್ ಹಾಕುವರು. ಕೆಲಸವಿಲ್ಲದವನ್ನು ಆಫ್ ಮಾಡಿ ಮನೆಗೆ ಕಳಿಸುವರು. ಭಾನುವಾರ ಎಲ್ಲಕ್ಕೂ ರಜೆ.

"ಮಳೆಗಾಲಕ್ಕೆ ಕಂಬಳಿನೂ ಕೊಡ್ತೀರಾ ಇವಕ್ಕೆ?" ಎಂದು ಹೆಂಡತಿ ವಿಶಾಲಾಕ್ಷಮ್ಮ ಕೇಳಿದರೆ, ಇವರು ಕನ್ನಡಕ ಒರೆಸಿಕೊಂಡರು.

ಕುಕಿ ತಿದ್ದುವ ಎಕ್ಸ್‌ಟೆನ್ಷನ್ನಿಗೆ ಆರು ವರ್ಷದ ಸರ್ವೀಸು. ಒಂದು ದಿನ ಅದು ಅಪ್‌ಡೇಟ್ ಆಗಿ, ಎಲ್ಲ ಸೈಟುಗಳ ಎಲ್ಲ ಮಾಹಿತಿ ಓದಲು, ಬದಲಿಸಲು ಅನುಮತಿ ಕೇಳಿತು. ಹೊಸ ಆಳಾಗಿದ್ದರೆ ಷಡಕ್ಷರಿ ಊರು ಯಾವುದು, ಮೇಸ್ತ್ರಿ ಯಾರು ಎಂದು ಜಾಲಾಡಿಬಿಡುತ್ತಿದ್ದರು. ಆದರೆ ಹಳೇ ಆಳು ಗೋಡೌನ್ ಕೀಲಿ ಕೇಳಿದಾಗ ಯಾಕೆ ಎನ್ನುವುದು ತೋಟದಲ್ಲಿ ಮರ್ಯಾದೆಯಲ್ಲ.

"ತಗೋ ಮಾರಾಯ," ಎಂದು ಅನುಮತಿಯ ಗುಂಡಿ ಒತ್ತಿಯೇಬಿಟ್ಟರು.

ಆ ಎಕ್ಸ್‌ಟೆನ್ಷನ್ ತಯಾರಿಸಿದವನು ಹಿಂದಿನ ತಿಂಗಳೇ ಅದನ್ನು ಯಾರಿಗೋ ಮಾರಿದ್ದ. ಹೆಸರು ಅದೇ, ಯಜಮಾನ ಬೇರೆ. ಸೊಸೈಟಿಯ ಸೈಟನ್ನೇ ತಿದ್ದಬಲ್ಲ ಷಡಕ್ಷರಿಯವರ ಅಡ್ಮಿನ್ ಕುಕಿ ಆ ಯಜಮಾನನ ಕೈ ಸೇರಿತು. ಎರಡನೆಯ ದಿನ ಸೈಟಿನಲ್ಲಿದ್ದ ಸೊಸೈಟಿಯ ನೋಟಿಸುಗಳೆಲ್ಲ ಮಾಯವಾಗಿ, ಬೊಕ್ಕತಲೆಗೆ ಕೂದಲು ಬರಿಸುವ ಎಣ್ಣೆಯ ಜಾಹೀರಾತು ಬಂತು. ಕೆಳಗೆ 'ಷಡಕ್ಷರಿ, ಬಾಳೂರು' ಎಂದಿತ್ತು. ಪಾಪ, ನಾಚಿಕೆಯಿಂದ ಅವರಿಗೆ ಅನ್ನವೇ ಸೇರಲಿಲ್ಲ.

ಸೊಸೈಟಿಯ ಸಭೆಯಲ್ಲಿ ಎದ್ದು ನಿಂತರು. "ಕೀಲಿ ಕೊಟ್ಟೋನು ನಾನೇ. ಇನ್ನು ನನ್ನ ಸಹಿ ನಂಬಬೇಡಿ. ಲಾಗಿನ್ನೂ ಕಿತ್ಕೊಳಿ."

"ಅದಿರ್ಲಿ ರೈಟ್ರೆ, ಎಣ್ಣೆ ಯಾವಾಗ ಬರುತ್ತೆ?" ಎಂದು ಬೆಳೆಗಾರ ಕಲ್ಲೇಶ್ ಟೋಪಿ ತೆಗೆದು ತಲೆ ಸವರಿಕೊಂಡ. ಇನ್ನೂ ನಾಲ್ವರು ಅದನ್ನೇ ಕೇಳಿದರು.

ಅಧ್ಯಕ್ಷೆ ರುಕ್ಮಿಣಮ್ಮ ಎಲ್ಲರನ್ನೂ ಸುಮ್ಮನಿರಿಸಿದರು. "ಕೂತ್ಕೊಳಿ ರೈಟ್ರೆ. ಮೂವತ್ತು ವರ್ಷದ ಹಳೇ ಜನ ನೀವು. ನಿಮ್ಮ ಲಾಗಿನ್ ಕಿತ್ಕೊಳೋದುಂಟಾ? ಸೊಸೈಟಿ ಬ್ಯಾಂಕಿನ ಪಾಸ್‌ವರ್ಡೂ ಇನ್ಮೇಲೆ ನಿಮ್ಹತ್ರಾನೇ ಇರ್ಲಿ."

ಯಾಕೆ ಎಂದು ಒಬ್ಬರೂ ಕೇಳಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟುವಾಗ ಷಡಕ್ಷರಿಗೆ ಜೀವಮಾನದಲ್ಲೇ ಮೊದಲ ಸಲ ತಮ್ಮನ್ನು ಕಂಡು ತಮಗೇ ಭಯವಾಯಿತು.