ಕಬ್ಬಿಣದ ಕನಸುಗಾರ

ರಸಾಯನಶಾಸ್ತ್ರದ ಪ್ರೊಫೆಸರ್ ವೆಂಕಟಗಿರಿ ಮಂಗಳವಾರ ಮುಂಜಾನೆ ರಿಚರ್ಡ್‌ಸನ್ ಊರಿನ ತಮ್ಮ ಮನೆಯಲ್ಲಿ ತೀರಿಕೊಂಡರು. ಔಷಧಿ ತಯಾರಿಕೆಯಲ್ಲಿ ಪಲ್ಲಾಡಿಯಂ ಎಂಬ ದುಬಾರಿ ಲೋಹ ಮಾಡುವ ವೇಗವರ್ಧಕದ ಕೆಲಸವನ್ನು ಅಗ್ಗದ ಕಬ್ಬಿಣದಿಂದ ಮಾಡಿಸಬೇಕೆಂಬ ಕನಸಿನಲ್ಲೇ ಅವರು ಇಪ್ಪತ್ತು ವರ್ಷ ಓಡಾಡಿದ್ದರು. ಪಾರ್ಕಿಂಗ್ ಲಾಟಿನಲ್ಲಿ ತುಕ್ಕು ಹಿಡಿದ ಮೊಳೆ ಸಿಕ್ಕರೆ ಎತ್ತಿಕೊಂಡು, "ಏನಪ್ಪಾ, ಇಲ್ಲಿ ಬಿದ್ದಿದೀಯಾ?" ಎಂದು ಜೇಬಿಗೆ ಹಾಕಿಕೊಳ್ಳುತ್ತಿದ್ದರು. ರೈಲಿನ ಕಿಟಕಿಯಿಂದ ಹಳಿಗಳ ತುಕ್ಕು ಸಂಜೆಬಿಸಿಲಿಗೆ ಹೊಳೆಯುವುದನ್ನು ನೋಡುತ್ತ ಇಳಿಯುವ ಸ್ಟೇಷನ್ನನ್ನೇ ಮರೆಯುತ್ತಿದ್ದರು. ಹೆಂಡತಿ ಶಕುಂತಲಾ, "ಇವತ್ತು ಯಾವ ಸ್ಟೇಷನ್ನಲ್ಲಿ ಎಚ್ಚರ ಆಯ್ತು?" ಎಂದು ಫೋನಿನಲ್ಲಿ ಕೇಳಿಯೇ ಅನ್ನಕ್ಕಿಡುತ್ತಿದ್ದರು. ಹೋದ ತಿಂಗಳು ಕಬ್ಬಿಣ ಕೊನೆಗೂ ಕೆಲಸ ಮಾಡಿತು. ಪೇಪರ್ ಜರ್ನಲ್ಲಿಗೆ ಹೋಯಿತು, ಲ್ಯಾಬಿಗೆ ಕೇಕ್ ಬಂತು. ವೆಂಕಟಗಿರಿ ಮಾತ್ರ ಫ್ಲಾಸ್ಕಿನೊಳಗೆ ತಿರುಗಿ ದ್ರಾವಣ ಕಲಕುವ ಹಳೆಯ ಬಿಳಿ ಕಡ್ಡಿಯನ್ನು ಬೆಳಕಿಗೆ ಹಿಡಿದು, ಅದರ ಗೀರುಗಳಲ್ಲಿ ಹಿಂದಿನ ಪ್ರಯೋಗದ ಪಲ್ಲಾಡಿಯಂ ಉಳಿದಿದ್ದರೆ ಎಲ್ಲ ಅದರದ್ದೇ ಕೆಲಸ ಎಂದರು. "ಸರ್, ಯಾರೂ ಕೇಳಲ್ಲ," ಎಂದಳು ವಿದ್ಯಾರ್ಥಿನಿ ನಿಶಿತಾ. "ಕಬ್ಬಿಣಕ್ಕೆ ಸುಳ್ಳು ಹೊಗಳಿಕೆ ಬೇಡಮ್ಮ," ಎಂದು ಪೇಪರ್ ವಾಪಸ್ ತರಿಸಿದರು. ಸೋಮವಾರ ಸಂಜೆ ಹೊಸ ಕಡ್ಡಿಯೊಂದನ್ನು ಫ್ಲಾಸ್ಕಿಗೆ ಹಾಕಿ, ಅದು ತಿರುಗುವುದನ್ನು ಬಹಳ ಹೊತ್ತು ನೋಡಿ, ನೋಟ್‌ಬುಕ್ಕಿನಲ್ಲಿ ತಾರೀಖು ಬರೆದು, ಫಲಿತಾಂಶದ ಜಾಗವನ್ನು ಖಾಲಿ ಬಿಟ್ಟು ಮನೆಗೆ ಹೋದರು.