ಬನ್ನಿ ಗಿಡಕ್ಕೆ ಮಣ್ಣು ಕೊಟ್ಟ ದಿನ

ಹಂಚಿನ ಮೇಲಿನ ಜೋಳದ ರೊಟ್ಟಿಗೆ ನೀರು ಸವರುತ್ತಿದ್ದೆ. ಪಕ್ಕದ ಮನೆಯ ಗೌರಮ್ಮ ಬಾಗಿಲಲ್ಲಿ ನಿಂತು, "ಯಕ್ಕಾ, ಬನ್ನಿ ಕಟ್ಟಿಗಿ ಒಲಿಗಿ ಇಡಬ್ಯಾಡ. ಗಿಡಕ್ಕ ಮಣ್ಣು ಕೊಡ್ತಾರಂತ" ಅಂದಳು.

ನಿಜಾಮರ ರಾಜ್ಯ ಹೋದ ಮರುವರ್ಷದ ಮಾತು. ಮಸ್ಕಿ ಹತ್ತಿರದ ನಮ್ಮೂರಲ್ಲಿ ಹಿಂದಿನ ಸಂಜೆಯ ಬಿರುಗಾಳಿಗೆ ಮಠದ ಮುಂದಿನ ಬನ್ನಿ ಗಿಡ ಬುಡಸಮೇತ ಉರುಳಿತ್ತು. ಮಳೆಗೆ ಒಲೆಗಿಡುವ ಸಗಣಿ ಕುಳ್ಳೆಲ್ಲ ನೆನೆದಿದ್ದರಿಂದ, ಶಿವನೇ ಕಳಿಸಿದ ಎಂದುಕೊಂಡು ಓಣಿಯ ಹೆಂಗಸರೆಲ್ಲ ಅದರ ಒಣ ಟೊಂಗೆಗಳನ್ನು ಹೊತ್ತು ತಂದಿದ್ದೆವು. ಈಗ ಹಿರಿಯರು ಕೂಡಿ, ದಿನಾ ವಿಭೂತಿ ಹಚ್ಚಿಸಿಕೊಂಡ ಗಿಡ ನಮ್ಮವರ ಪೈಕಿಯೇ, ನಮ್ಮವರು ಸತ್ತರೆ ಸುಡುವ ಪದ್ಧತಿಯಿಲ್ಲ, ಹೂಳಬೇಕು ಎಂದು ತೀರ್ಮಾನಿಸಿದ್ದರು. ಗುಂಡಿಯೂ ಸಿದ್ಧವಾಗಿತ್ತು.

ಅಷ್ಟರಲ್ಲಿ ಟೊಂಗೆ ಕೇಳುತ್ತಾ ಮಠದ ಅಯ್ಯನವರೇ ಬಂದರು. ನನ್ನ ಒಲೆಯಲ್ಲಿ ಬನ್ನಿ ಧಗಧಗ ಉರಿಯುತ್ತಿತ್ತು. ಆರಿಸಿದರೆ ನಾಲ್ಕು ಮಕ್ಕಳು ಉಪವಾಸ, ಉರಿಸಿದರೆ ಪಾಪ. "ತಪ್ಪಾತ್ರೀ ಅಯ್ಯನವರ, ಗೊತ್ತಿಲ್ದ ಹಚ್ಚೀನಿ" ಎಂದು ಕೈಮುಗಿದೆ.

ಅವರು ಒಲೆಯನ್ನು ನೋಡಿದರು, ಉಬ್ಬುತ್ತಿದ್ದ ರೊಟ್ಟಿಯನ್ನು ಇನ್ನೂ ಹೆಚ್ಚು ಹೊತ್ತು ನೋಡಿದರು. ಬೆಳಗಿನಿಂದ ಗುಂಡಿ ತೋಡಿಸಿ ಹಸಿದಿದ್ದರೇನೋ. "ಉರಿದದ್ದು ಹೆಂಗೂ ವಿಭೂತಿ ಆಗತೈತಿ ಯವ್ವಾ. ಉಳಿದ ಟೊಂಗಿ ಕೊಡು. ಒಲಿ ಆರೂತನಕ ರೊಟ್ಟಿ ಬಡಿ, ನಾ ಕುಂತಿರ್ತೀನಿ" ಎಂದು ಕೂತು ಮೂರು ರೊಟ್ಟಿ ತಿಂದರು.

ಆ ದಿನ ಓಣಿಯಲ್ಲಿ ಉರಿದದ್ದು ನಮ್ಮದೊಂದೇ ಒಲೆ. ಸುದ್ದಿ ನನಗೆ ಮಾತ್ರ ತುಸು ತಡವಾಗಿ ಬಂದದ್ದೂ ಶಿವನ ಕೃಪೆಯೇ. ಗೌರಮ್ಮನ ಮಕ್ಕಳಿಗೂ ನಾಲ್ಕು ರೊಟ್ಟಿ ಕಳಿಸಿ, ಮುಸುರೆ ತಿಕ್ಕಲು ಕೂತೆ.