ಗೌರಕ್ಕನ ಶಾವಿಗೆ ಅಕ್ಷರ

ಆ ತೆಳ್ಳನೆಯ ಅಕ್ಷರಗಳು ನನ್ನವಲ್ಲ, ಗೌರಕ್ಕ. ನಿನ್ನವು. ನೀನು ತೀರಿಕೊಂಡ ಮೇಲೆ ಇದನ್ನು ಬರೆಯುತ್ತಿದ್ದೇನೆ — ಇದ್ದಾಗಲೇ ಹೇಳಬೇಕಾಗಿತ್ತು.

ಎರಡನೇ ಮಹಾಯುದ್ಧ ಮುಗಿದ ಮರುವರ್ಷದ ಬೇಸಿಗೆ. ಗಂಡ ಹೋದ ಮೇಲೆ ನೀನು ತಿಕೋಟಾದ ನಮ್ಮ ಮನೆಗೆ ಬಂದಿದ್ದೆ. ನಾನು ಬೋರ್ಡು ಬರೆದು ಬದುಕುತ್ತಿದ್ದೆ. ಅಂದು ನೀನು ಹಿತ್ತಲಲ್ಲಿ ಶಾವಿಗೆ ಹೊಸೆಯುತ್ತಿದ್ದರೆ, ನಾನು ಮೋಟಾರು ಬಸ್ಸಿನ ಹಣೆಗೆ ಬಡಿಯುವ ತಗಡಿನ ಮುಂದೆ ಒದ್ದಾಡುತ್ತಿದ್ದೆ. 'ವಿಜಾಪುರ — ತಿಕೋಟಾ — ಬಬಲೇಶ್ವರ' ಒಂದೇ ಸಾಲಿನಲ್ಲಿ ಹಿಡಿಯಬೇಕು. ನನ್ನ ದುಂಡು ಅಕ್ಷರಗಳಲ್ಲಿ 'ಶ್ವರ' ತಗಡಿನಾಚೆ ಬೀಳುತ್ತಿತ್ತು.

ನೀನು ಬಗ್ಗಿ ನೋಡಿ ನಕ್ಕೆ. "ಲೇ ತಮ್ಮಾ, ನಿನ್ನ ಅಕ್ಷರ ಉಂಡು ಹೊಟ್ಟಿ ಬಿಟ್ಕೊಂಡು ಕುಂತಾವಲ್ಲೋ! ಎರಡು ದಿನ ಉಪವಾಸ ಕೆಡವು ಅವನ್ನ."

ಹಸಿ ಶಾವಿಗೆಯ ಎಳೆ ಹರಿದು ನೀನು ತಗಡಿನ ಮೇಲೆ ಬಾಗಿಸಿಟ್ಟೆ — ಬ, ಬ, ಲೇ... ಎಲ್ಲಿಯೂ ದಪ್ಪ-ತೆಳು ಇಲ್ಲ, ತುದಿಯಲ್ಲಿ ಬಾಲವಿಲ್ಲ. ಎರಡೂ ಬದಿಯಿಂದ ಬೆರಳಲ್ಲಿ ಒತ್ತಿದರೆ ಅಕ್ಷರ ಕಿರಿದಾಗಿ ಎದ್ದು ನಿಲ್ಲುತ್ತಿತ್ತು, ಆದರೂ ಒಳಗೆ ಗಾಳಿಯಾಡುವಷ್ಟು ಜಾಗ! ಮೂರೂ ಊರು ಹಿಡಿದವು. ನಾನು ಕುಣಿದೇ ಬಿಟ್ಟೆ.

ಬಣ್ಣ ಒಣಗಿ ಮೋಟಾರು ಹೊರಟ ದಿನ ಇಬ್ಬರೂ ರಸ್ತೆಗೆ ಓಡಿದೆವು. ಧೂಳಿನೊಳಗಿಂದಲೂ ಓದಬಹುದಿತ್ತು! ಆಮೇಲೆ ಹುಚ್ಚು ಹಿಡಿದವರಂತೆ ದಿನವೂ ಅದೇ — ತಾಟಿನ ಮೇಲೆ ನೀನು ಅಕ್ಷರ ಮಾಡುವುದು, ಕಾಗದಕ್ಕೆ ನಾನು ಇಳಿಸುವುದು.

"ಯಾರರೆ ಕೇಳಿದ್ರ ನನ್ನ ಹೆಸರು ಹೇಳ್ತಿ, ಹೌದಿಲ್ಲೋ?"

"ಹೇಳ್ತೀನಿ ಬೇ."

ಕೇಳಲು ಬಂದವರು ವಿಜಾಪುರದ ಛಾಪಖಾನೆಯ ಮಾಲೀಕರು. ಅದೇ ಮೋಟಾರಿನಿಂದ ಇಳಿದು ನೇರ ನಮ್ಮ ಮನೆಗೆ. "ನಾಟಕದ ಜಾಹೀರಾತಿಗೆ ಕಟ್ಟಿಗಿ ಅಕ್ಷರ ಕೊರಸಬೇಕ್ರಿ. ಹೆಸರು ಉದ್ದ, ಕಾಗದ ಸಣ್ಣದು. ಈ ಮೋಟಾರಿನ ಮ್ಯಾಲಿನ ಅಕ್ಷರ ಬರದವರು ಯಾರು? ನಮ್ಮಲ್ಲೇ ಬಂದು ಕೆಲಸಾ ಮಾಡ್ಲಿ."

ಕೈಯ ಹಿಟ್ಟು ಒರೆಸಿಕೊಳ್ಳುತ್ತ ನೀನು ಒಳಬಾಗಿಲಿಗೆ ಬಂದಿದ್ದೆ. ತಮ್ಮನ ಅನ್ನದ ಮೇಲಿರದೆ ನಿನ್ನದೇ ಒಂದು ಕೆಲಸ ಬೇಕೆಂದು ನೀನು ಹಂಬಲಿಸುತ್ತಿದ್ದುದು ನನಗೆ ಗೊತ್ತಿತ್ತು. ಗೊತ್ತಿದ್ದೂ —

"ನಾನ ರೀ," ಅಂದೆ ನಾನು.

ನೀನು ಅವರಿಗೆ ಚಹಾ ತಂದಿಟ್ಟು ಒಳಗೆ ಹೋದೆ.

ಛಾಪಖಾನೆಯ ಕೆಲಸ ನನ್ನದಾಯಿತು. ನಾಟಕ, ಕುಸ್ತಿ, ಎಣ್ಣೆ ಅಂಗಡಿ — ಊರ ಗೋಡೆಗಳ ಮೇಲೆಲ್ಲ ನಿನ್ನ ಅಕ್ಷರ! ಈಗಲೂ ಕಂಡರೆ ಮೊದಲ ದಿನದಂತೆ ಕುಣಿಯಬೇಕೆನಿಸುತ್ತದೆ, ಮರುಗಳಿಗೆ ತಲೆ ತಗ್ಗುತ್ತದೆ. ವರ್ಣಮಾಲೆಯಲ್ಲಿ ಳ ಒಂದೇ ಬಾಕಿಯಿತ್ತು. ಮಾಡಿಕೊಡೆಂದು ಕೇಳಿದಾಗ ನೀನು ಶಾಂತವಾಗಿ ಹೇಳಿದೆ: "ನಿನ್ನ ಅಕ್ಷರ, ನೀನ ಬರಿ." ಬರೆದೆ. ಬರಲಿಲ್ಲ. ಹಳೆಯ ದುಂಡು ಳವನ್ನೇ ನಿನ್ನವುಗಳ ನಡುವೆ ತುರುಕುತ್ತ ಬಂದೆ.

ಮೊನ್ನೆ ಮಾಲೀಕರ ಮಗನಿಗೆ ನಿನ್ನ ಹೆಸರು ಹೇಳಿ ಬಂದೆ. ಅದರಿಂದ ನಿನಗೇನೂ ಸಿಗಲಿಲ್ಲ, ಗೊತ್ತು.

ಆ ಅಕ್ಷರಗಳಲ್ಲಿ ಇಂದಿಗೂ ನಿನ್ನ ಳ ಇಲ್ಲ.